ಬೆನ್ನು ಸೀಳಿದ ಸ್ಟಿಕ್ಕರ್

ರಾಜ್ಯೋತ್ಸವಕ್ಕೆಂದು ಮುದ್ರಿಸಿದ್ದ ಹಳದಿ-ಕೆಂಪು ಸ್ಟಿಕ್ಕರೊಂದನ್ನು ಆಟೊ ಚಾಲಕರೊಬ್ಬರು ಇಂದು ಅಂಗಡಿಯ ಮುಂದೆಯೇ ಬಿಡಿಸಲು ನಿಂತರು. ಹಿಂದೆಲ್ಲ ಮೂಲೆಯನ್ನು ಉಗುರಿನಿಂದ ಕೆರೆದು ಕೆರೆದು ಕೊನೆಗೆ ಅಂಚು ಸುರುಟಿಕೊಂಡೇ ಬರುತ್ತಿದ್ದ ವಿನೈಲ್ (ಸ್ಟಿಕ್ಕರಿನ ಪ್ಲಾಸ್ಟಿಕ್ ಹಾಳೆ), ಈ ಬಾರಿ ಸ್ವಲ್ಪ ಬಾಗಿಸಿದ ಕೂಡಲೇ ಹಿಂಬದಿಯ ಕಾಗದದ ಸೀಳು ಬಾಯಿಬಿಟ್ಟು ಸಲೀಸಾಗಿ ಕೈಗೆ ಬಂತು. "ಇಷ್ಟೇನಾ ಸಾರ್!" ಎಂದು ಅವರು ನಕ್ಕರು.

ಇಷ್ಟೇ, ಆದರೆ ಆ ಸೀಳಿಗೆ ಬೇಕಾದ ನಾಜೂಕು ಬಹಳ. ದೊಡ್ಡ ಪ್ರಿಂಟರಿನಲ್ಲಿ ಮುದ್ರಿಸಿ, ಇಕೋ-ಸಾಲ್ವೆಂಟ್ ಶಾಯಿಯ ದ್ರಾವಕ ಆರಿಹೋಗಲೆಂದು ಸಾಮಾನ್ಯವಾಗಿ 24 ಗಂಟೆ ಬಿಟ್ಟು ಲ್ಯಾಮಿನೇಷನ್ ಮಾಡಿ, ಆಮೇಲೆ ಪ್ಲಾಟರ್ ಎಂಬ ಕತ್ತರಿಸುವ ಯಂತ್ರದ ಬ್ಲೇಡಿನಿಂದ ವಿನೈಲನ್ನಷ್ಟೇ ಕತ್ತರಿಸಿ ಹಿಂಬದಿಯ ಸಿಲಿಕೋನ್ ಕಾಗದವನ್ನು ಉಳಿಸುವುದು ಎಲ್ಲರೂ ಮಾಡುವ ಕೆಲಸ. ಬೆನ್ನಿನ ಸೀಳು ಇದಕ್ಕೆ ತಿರುವುಮುರುವು: ಅಲ್ಲಿ ಕಾಗದ ಮಾತ್ರ ತುಂಡಾಗಬೇಕು, ಬ್ಲೇಡು ವಿನೈಲನ್ನು ಮುಟ್ಟಬಾರದು. ಕೂದಲೆಳೆಯಷ್ಟು ಆಳ ಹೆಚ್ಚಾದರೂ, ಬಿಸಿಲಿಗೆ ವಿನೈಲ್ ಕುಗ್ಗಿದಾಗ ಚಿತ್ರದ ನಡುವೆ ಗೆರೆ ಬಿಡಬಹುದು.

ಮೊದಲೇ ಸೀಳಿದ ರೋಲುಗಳೂ ಸಿಗುತ್ತವೆ. ಆದರೆ ಪ್ರಿಂಟರಿನ ಹೀಟರಿನ ಮೇಲೆ ಹಾಯುವಾಗ ರೋಲು ಸೀಳಿನುದ್ದಕ್ಕೂ ಉಬ್ಬಿದರೆ ಶಾಯಿ ಚಿಮ್ಮಿಸುವ ಪ್ರಿಂಟ್ ಹೆಡ್ಡಿಗೆ ತಗಲುವ ಭಯವಿರುವುದರಿಂದ, ಸೀಳುವುದನ್ನು ಕೊನೆಗಿಟ್ಟುಕೊಳ್ಳುವುದೇ ಸರಿಯೆಂದು ನನಗನ್ನಿಸುತ್ತದೆ. ಸಣ್ಣ ಆರ್ಡರುಗಳಿಗೆ ಅದೂ ಬೇಕಿಲ್ಲ: ಸ್ಟಿಕ್ಕರಿನ ಸುತ್ತ ಕಾಗದವನ್ನು ತುಸು ಅಗಲವಾಗಿ ಬಿಟ್ಟರೆ ಬಾಗಿಸಿ ಬಿಡಿಸಲು ಬೆರಳಿಗೆ ಹಿಡಿ ಸಿಗುತ್ತದೆ, ಗಿರಾಕಿಯೂ ಗೊಣಗುವುದಿಲ್ಲ.