ಯುಗಾದಿ, ಸೀಗೆಪುಡಿ ಮತ್ತು ಮೆರೂನ್ ಟವೆಲ್

ಮಂಗಳವಾರ, 9 ಏಪ್ರಿಲ್ 2024
ತುಮಕೂರು

ಬೆಳಿಗ್ಗೆ ಆರಕ್ಕೇ ಅಜ್ಜಿ ಹರಳೆಣ್ಣೆ ಬಟ್ಟಲು ಹಿಡಿದು ಕೂತಿದ್ದರು. ಯುಗಾದಿ ದಿನ ಎಣ್ಣೆಸ್ನಾನ ಬೇಡ ಅನ್ನುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಇಲ್ಲ. ಎಣ್ಣೆ ಹಣೆಗೆ ಇಳಿಯದಿರಲಿ ಅಂತ ಹಳೇ ಪಂಚೆಯ ಚೂರು ಕಟ್ಟಿಕೊಂಡು ತಲೆ ಒಡ್ಡಿದೆ. ಬಚ್ಚಲಲ್ಲಿ ಸೋತೆ. ಕಣ್ಣು ಮುಚ್ಚಿಕೊಂಡಿದ್ದಾಗ ಅಜ್ಜಿ ತಲೆ ಉಜ್ಜಿದ ಕೈಯಲ್ಲೇ ಕೆನ್ನೆಗೂ ಸೀಗೆಪುಡಿ ತಿಕ್ಕಿಬಿಟ್ಟರು. ಮೆಣಸಿನಪುಡಿ ಎರಚಿದ ಹಾಗಾಯಿತು.

"ಇಷ್ಟು ನಾಜೂಕೇನೇ ನಿನ್ನ ಮುಖ? ಬೇವಿನೆಲೆ ಅರೆದು ಹಚ್ಚಿದ್ರೆ ಈ ಮೊಡವೆ ಎಂದೋ ಹೋಗಿರೋದು."

ಅಜ್ಜಿಗೆ ಏನಂತ ಹೇಳಲಿ? ಮುಖ ನಾಜೂಕಾದದ್ದು ನನ್ನ ಕೈಯಾರೆ.

ಕಳೆದ ನವೆಂಬರಿನಲ್ಲಿ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ ಇತ್ತು. ಮೆಡಿಕಲ್ ಶಾಪಿನಲ್ಲಿ ಮೊಡವೆಗೆ ಅಂತ ಕೇಳಿದ್ದಕ್ಕೆ ಚೀಟಿ ಗೀಟಿ ಏನೂ ಕೇಳದೆ ಒಂದು ಟ್ಯೂಬ್ ಕೊಟ್ಟರು. ನಾಲ್ಕೇ ದಿನಕ್ಕೆ ಮುಖ ಹೊಳೆಯಿತು, ಫೋಟೋಗಳೂ ಚೆನ್ನಾಗಿ ಬಂದವು. ಬಿಟ್ಟ ವಾರಕ್ಕೆ ಎರಡರಷ್ಟು ಎದ್ದವು, ಮತ್ತೆ ಹಚ್ಚಿದೆ. ಸಂಕ್ರಾಂತಿ ಮುಗಿದ ಮೇಲೆ ಚರ್ಮದ ಡಾಕ್ಟರ ಹತ್ತಿರ ಹೋದರೆ ಅವರು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಟ್ಯೂಬಿನ ಹಿಂದಿನ ಸಣ್ಣ ಅಕ್ಷರವನ್ನು. ಮೊಮೆಟಾಸೋನ್. ಸ್ಟಿರಾಯ್ಡ್. ಇಂಥ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ನಿಯಮ ಬಂದಿದೆಯಂತೆ. ಚರ್ಮವನ್ನು ತೆಳುವಾಗಿಸುತ್ತದೆ, ಬಿಟ್ಟರೆ ಮೊಡವೆ ಇನ್ನೂ ಕೆರಳುತ್ತದೆ. ಟ್ಯೂಬಿನ ಹಿಂಭಾಗ ಓದುವ ಚಟ ನನಗೆ ಅಂಟಿದ್ದು ಅಂದಿನಿಂದ.

ಅವರು ಬರೆದುಕೊಟ್ಟದ್ದು ಎರಡು. ರಾತ್ರಿಗೆ ಅಡಾಪಲೀನ್ 0.1% ಜೆಲ್, ಬೆಳಿಗ್ಗೆಗೆ ಬೆಂಜೋಯಿಲ್ ಪೆರಾಕ್ಸೈಡ್ 2.5%. ನಾನೋ, ಎರಡೂವರೆಯಿಂದ ಏನಾಗುತ್ತೆ, 10% ಬರುತ್ತಲ್ಲ, ಅದನ್ನೇ ಕೊಡಿ ಅಂದೆ. ಹತ್ತು ಹಚ್ಚಿದರೂ ಮೊಡವೆ ಹೆಚ್ಚೇನೂ ಇಳಿಯಲ್ಲ, ಉರಿ ಮಾತ್ರ ಜಾಸ್ತಿ ಅಂದರು. ಕೇಳಿಸಿಕೊಂಡೆ. ಮನೆಗೆ ಬಂದು ಎರಡನ್ನೂ ದೋಸೆಗೆ ಬೆಣ್ಣೆ ಸವರುವ ಹಾಗೆ ಸವರಿದೆ. ಐದನೇ ದಿನಕ್ಕೆ ಮೂಗಿನ ಪಕ್ಕ, ಬಾಯಿಯ ಅಂಚಿನಲ್ಲಿ ಚರ್ಮ ಈರುಳ್ಳಿ ಸಿಪ್ಪೆಯಂತೆ ಏಳತೊಡಗಿತು. ಸಾರಿನ ಬಿಸಿ ಆವಿ ತಾಗಿದರೂ ಚುರುಕ್ ಅನ್ನುತ್ತಿತ್ತು.

ಆಮೇಲೆ ಕಲಿತದ್ದು ಒಂದು ಬಟಾಣಿ ಕಾಳಿನ ಲೆಕ್ಕ. ಇಡೀ ಮುಖಕ್ಕೆ ಅಷ್ಟೇ. ಹಣೆಗೊಂದು, ಕೆನ್ನೆಗೊಂದೊಂದು, ಮೂಗಿಗೆ, ಗಲ್ಲಕ್ಕೆ ಚುಕ್ಕಿ ಇಟ್ಟು ತೆಳ್ಳಗೆ ಹರಡಬೇಕು. ಎದ್ದಿರುವ ಮೊಡವೆಯ ತಲೆಗೆ ಮಾತ್ರ ಒತ್ತಿದರೆ ಪ್ರಯೋಜನವಿಲ್ಲ. ಕೂದಲಿನ ಬುಡದ ರಂಧ್ರದಲ್ಲಿ ಸತ್ತ ಚರ್ಮ, ಜಿಡ್ಡು ಅಂಟಿಕೊಂಡು ಬಿರಡೆ ಹಾಕುತ್ತದಲ್ಲ, ಅಡಾಪಲೀನ್ ಅದು ಕಟ್ಟದ ಹಾಗೆ ನೋಡಿಕೊಳ್ಳುತ್ತದೆ. ಅಂದರೆ ಇನ್ನೂ ಕಾಣದ ಮೊಡವೆಗಳಿಗೇ ಅದರ ಮುಖ್ಯ ಕೆಲಸ. ಮುಖ ತೊಳೆದು ಇಪ್ಪತ್ತು ನಿಮಿಷ ಬಿಟ್ಟು, ಪೂರ್ತಿ ಒಣಗಿದ ಮೇಲೆ ಹಚ್ಚುತ್ತೇನೆ. ಉರಿ ಇದ್ದ ದಿನಗಳಲ್ಲಿ ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಜೆಲ್. ಶುರುವಿನಲ್ಲಿ ರಾತ್ರಿ ಬಿಟ್ಟು ರಾತ್ರಿ. ಹಗಲು ಹೊರಗೆ ಹೊರಟರೆ ಸನ್‌ಸ್ಕ್ರೀನ್, ಈ ಬಿಸಿಲಿನಲ್ಲಿ ಕೇಳುವುದೇ ಬೇಡ. ಮೂರನೇ ವಾರ ಮೊಡವೆ ಇನ್ನೂ ಹೆಚ್ಚಾದಾಗ ಟ್ಯೂಬನ್ನು ಕಿಟಕಿಯಿಂದ ಎಸೆಯಬೇಕು ಅನ್ನಿಸಿತ್ತು. ಎಂಟರಿಂದ ಹನ್ನೆರಡು ವಾರ ಕಾಯಬೇಕು ಅಂದಿದ್ದರು. ಇವತ್ತಿಗೆ ಹನ್ನೆರಡು. ಎಡಗೆನ್ನೆ ಬಹುತೇಕ ಶಾಂತ. ಗಲ್ಲ ಇನ್ನೂ ಮಾತು ಕೇಳುತ್ತಿಲ್ಲ.

ಮಧ್ಯಾಹ್ನ ಹೋಳಿಗೆ ಊಟಕ್ಕೆ ಅಣ್ಣ ಅತ್ತಿಗೆ ಬಂದಿದ್ದರು. ಅತ್ತಿಗೆಗೆ ಈಗ ನಾಲ್ಕು ತಿಂಗಳು. ಹಣೆ ತುಂಬ ಮೊಡವೆ ಎದ್ದಿದೆ. "ನಿನ್ನ ರಾತ್ರಿ ಟ್ಯೂಬ್ ಸ್ವಲ್ಪ ಕೊಡೇ" ಅಂದರು. ಇಲ್ಲ ಅಂದೆ. ಹಬ್ಬದ ದಿನ ಹಾಗೆ ಮುಖಕ್ಕೆ ಹೊಡೆದಂತೆ ಹೇಳಬಾರದಿತ್ತೇನೋ, ಅವರ ಮುಖ ಸಣ್ಣದಾಯಿತು. ಆಮೇಲೆ ಕೂರಿಸಿಕೊಂಡು ಹೇಳಿದೆ: ಅಡಾಪಲೀನ್ ವಿಟಮಿನ್ ಎ ಬಳಗದ ಔಷಧಿ, ಬಸುರಿಯರು ಹಚ್ಚಬಾರದು ಅನ್ನುತ್ತಾರೆ, ನಿಮ್ಮ ಡಾಕ್ಟರನ್ನೇ ಕೇಳಿ, ಅವರು ಬೇರೆ ಏನಾದರೂ ಕೊಡುತ್ತಾರೆ. "ಹಂಗಾದ್ರೆ ಒಂದು ಹೋಳಿಗೆ ಜಾಸ್ತಿ ಹಾಕು" ಅಂದರು.

ಟವೆಲ್ ವಿಷಯ ಇನ್ನೂ ಬಗೆಹರಿದಿಲ್ಲ. ಅಮ್ಮ ದೀಪಾವಳಿಗೆ ಕೊಂಡ ಮೆರೂನ್ ಟವೆಲ್ಲಿನ ತುಂಬ ಕಿತ್ತಳೆ ಬಣ್ಣದ ಮಚ್ಚೆಗಳು, ಸರಿಯಾಗಿ ನನ್ನ ಕೆನ್ನೆಯ ಅಗಲಕ್ಕೆ. ಬೆಳಗಿನ ಜೆಲ್ಲಿನ ಕೆಲಸ. ಆಮ್ಲಜನಕ ಬಿಟ್ಟು ಮೊಡವೆಯ ಬ್ಯಾಕ್ಟೀರಿಯಾ ಕೊಲ್ಲುವ ಬೆಂಜೋಯಿಲ್ ಪೆರಾಕ್ಸೈಡು ಬಟ್ಟೆಯ ಬಣ್ಣವನ್ನೂ ತಿನ್ನುತ್ತದೆ. ನನ್ನ ನೀಲಿ ದಿಂಬಿನ ಕವರಿಗೂ ಅದೇ ಗತಿ. ಅಮ್ಮ ಮಾತ್ರ ನೀರಿನವರು ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ಸುರಿಯುತ್ತಿದ್ದಾರೆ ಅಂತ ತಿಂಗಳಿಂದ ಬೈಯುತ್ತಿದ್ದಾರೆ. ಇವತ್ತು ಬೇವು ಬೆಲ್ಲ ಕೊಡಲು ಹೋದ ಮನೆಗಳಲ್ಲೆಲ್ಲ ಆ ಕಥೆ ಹೇಳಿ, ಎದುರು ಮನೆಯವರನ್ನೂ ಒಪ್ಪಿಸಿ ಬಂದಿದ್ದಾರೆ. ನಾಳೆ ಇಬ್ಬರೂ ಟವೆಲ್ ಹಿಡಿದುಕೊಂಡು ನೀರಿನವರ ಹತ್ತಿರ ಜಗಳಕ್ಕೆ ಹೋಗುತ್ತಾರಂತೆ.

ಸೀಗೆಪುಡಿಯ ಉರಿ ಇನ್ನೂ ಇದೆ. ಇವತ್ತು ರಾತ್ರಿ ಜೆಲ್ ಇಲ್ಲ, ಬರೀ ಮಾಯಿಶ್ಚರೈಸರ್. ಬೆಳಿಗ್ಗೆ ಅಮ್ಮ ಚಪ್ಪಲಿ ಮೆಟ್ಟುವ ಮೊದಲೇ ಎದ್ದು ಹೇಳಿಬಿಡಬೇಕು.