ಮಾತ್ರೆ ನುಂಗುವುದಕ್ಕಿಂತ ಮೊದಲಿನ ಕೆಲಸ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಾಸರಗೋಡಿನ ಮನೆಗಳಲ್ಲಿ ಭರಣಿಯ ಉಪ್ಪು ನೀರೊಡೆಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಕಪಾಟಿನ ಸೀರೆಗಳಿಗೆ ಬೂಸಲು ಹಿಡಿಯುತ್ತದೆ. ಇಂತಹ ಹವೆಯಲ್ಲಿ ಮಾತ್ರೆಗಳನ್ನು ಬರಿಯ ಕಾಗದದಲ್ಲಿ ಕಟ್ಟಿಟ್ಟರೆ ಬೇಗನೆ ಕೆಟ್ಟುಹೋಗಬಹುದೆಂಬುದು ನನಗೂ ಗೊತ್ತಿರುವುದರಿಂದ, ತೇವ, ಗಾಳಿ, ಬೆಳಕು ಸೋಕದಂತೆ ಅವುಗಳನ್ನು ಮುಚ್ಚುವ ವಿಷಯದಲ್ಲಿ ನನ್ನ ತಕರಾರಿಲ್ಲ. ಹಾಗೆ ಮುಚ್ಚಿದ್ದನ್ನು ಎಪ್ಪತ್ತು ದಾಟಿದ ಕೈ ಹೇಗೆ ಬಿಚ್ಚೀತು ಎಂದು ತಯಾರಿಸುವವರಾಗಲಿ, ಬರೆದುಕೊಡುವವರಾಗಲಿ, ಮಾರುವವರಾಗಲಿ ಒಮ್ಮೆಯೂ ಕೇಳುವುದಿಲ್ಲವಲ್ಲ, ಅದು ನನ್ನ ತಕರಾರು.

ಒಂದು ಬದಿ ಪ್ಲಾಸ್ಟಿಕ್ಕಿನ ಗುಳ್ಳೆ, ಇನ್ನೊಂದು ಬದಿ ತೆಳುವಾದ ಅಲ್ಯೂಮಿನಿಯಂ ಹಾಳೆ ಇರುವ ಸ್ಟ್ರಿಪ್ಪು ಹೇಗೋ ಆದೀತು. ಹೆಬ್ಬೆರಳಿನಿಂದ ಒತ್ತಿದರೆ ಹಾಳೆ ಹರಿದು ಮಾತ್ರೆ ಹೊರಬರುತ್ತದೆ. ನಿಜವಾದ ಕಷ್ಟ ಎರಡೂ ಬದಿಗೆ ಬೆಳ್ಳಿ ಬಣ್ಣದ ಹಾಳೆ ಇರುವ ಸ್ಟ್ರಿಪ್ಪಿನದು. ಅದರ ಒಳಮೈಗೆ ಪ್ಲಾಸ್ಟಿಕ್ಕಿನ ಲೇಪವಿದ್ದು, ಬಿಸಿಯಿಂದ ಒಂದಕ್ಕೊಂದು ಬೆಸೆದಿರುವುದರಿಂದ, ಎಳೆದಾಗ ಅದು ಹರಿಯುವ ಬದಲು ಜಗ್ಗುತ್ತದೆ. ಎರಡು ಕೈಗಳ ಹೆಬ್ಬೆರಳು ಮತ್ತು ತೋರುಬೆರಳುಗಳಿಂದ ಅಂಚನ್ನು ಬಿಗಿಯಾಗಿ ಹಿಡಿದು ವಿರುದ್ಧ ದಿಕ್ಕಿಗೆ ತಿರುಚಬೇಕು. ತಿರುಚಿದಾಗ ಹರುಕು ಮಾತ್ರೆಯ ಕಡೆಗೆ ಹೋಗದೆ ಪಕ್ಕಕ್ಕೆ ಸರಿದು, ಮುಂದಿನ ಮಾತ್ರೆಯ ಗೂಡನ್ನು ತೆರೆದುಬಿಡುತ್ತದೆ. ಇನ್ನೂ ಬಲ ಹಾಕಿದರೆ ಮಾತ್ರೆ ಒಳಗೇ ಎರಡು ತುಂಡಾಗಿ, ಒಂದು ತುಂಡು ಬೆರಳ ಸಂದಿಯಲ್ಲಿ ಉಳಿದು ಇನ್ನೊಂದು ಮಂಚದಡಿಗೆ ಉರುಳುತ್ತದೆ.

ಮದ್ದಿನಂಗಡಿಯ ಹುಡುಗ ಒಳ್ಳೆಯವನೇ. "ಟೀಚರೇ, ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇದೆ, ಅಲ್ಲಿಂದ ಹರಿಯಿರಿ" ಎಂದು ತೋರಿಸಿಕೊಟ್ಟ. "ಆ ಕಚ್ಚು ಕಾಣಬೇಕಲ್ಲ ಮಾರಾಯ" ಎಂದೆ.

ಕಾಣುವುದೊಂದೇ ಸಮಸ್ಯೆಯಲ್ಲ. ಹೆಬ್ಬೆರಳಿನ ಬುಡದ ಕೀಲು ಸವೆಯುವುದು ಮುಟ್ಟು ನಿಂತ ಹೆಂಗಸರಲ್ಲಿ ಬಹಳ ಸಾಮಾನ್ಯವಾದದ್ದು, ಮತ್ತು ಚಿವುಟಿ ಹಿಡಿಯುವ ಪ್ರತಿಯೊಂದು ಕೆಲಸದ ಭಾರ ಬೀಳುವುದೂ ಅದೇ ಕೀಲಿನ ಮೇಲೆ. ವಯಸ್ಸಾದಂತೆ ಬೆರಳ ತುದಿಯ ಚರ್ಮ ಒಣಗಿ ನುಣುಪಾದ ಹಾಳೆಯ ಮೇಲೆ ಜಾರುತ್ತದೆ. ಚಳಿಗಾಲವಿಡೀ ಜಗಲಿಯಲ್ಲಿ ಕುಳಿತು ಅಡಿಕೆ ಸುಲಿದ ನಮ್ಮ ಕಡೆಯ ಹೆಂಗಸರ ಕೈಗಳಿಗೆ ಬಲ ಸಾಲದೆಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಆ ಬಲವೆಲ್ಲ ಅಲ್ಲಿಯೇ ಖರ್ಚಾಗಿದೆ ಎಂದರೆ ಸರಿಯಾದೀತು.

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಬಳಿಕ ಕೊಡುವ ತೊಟ್ಟುಮದ್ದಿನ ಬಾಟಲಿಯಂತೂ ವಿಚಿತ್ರವಾದದ್ದು. ಹಲವು ಬಾಟಲಿಗಳ ಮೂತಿಗೆ ತೂತೇ ಇರುವುದಿಲ್ಲ. ಮುಚ್ಚಳದ ಒಳಗೊಂದು ಮೊಳೆಯಿದ್ದು, ಮುಚ್ಚಳವನ್ನು ಪೂರ್ತಿ ಬಿಗಿಯಾಗಿ ತಿರುಗಿಸಿದಾಗ ಅದು ಮೂತಿಯನ್ನು ಚುಚ್ಚುತ್ತದೆ. ತೆರೆಯಬೇಕಾದರೆ ಮೊದಲು ಇನ್ನಷ್ಟು ಬಿಗಿಯಬೇಕೆಂಬ ಈ ಸೂಚನೆ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರಗಳಲ್ಲಿ, ಇಂಗ್ಲಿಷಿನಲ್ಲಿ, ಪೆಟ್ಟಿಗೆಯ ಮೇಲಿರುತ್ತದೆ. ಓದಬೇಕಾದವರು ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದವರು.

ಮುಚ್ಚಳ ಬಿಗಿಯಾಗಿರುವುದಕ್ಕೆ ಒಂದು ಗೌರವದ ಇತಿಹಾಸವೂ ಇದೆ. ಮನೆಯಲ್ಲಿ ಕೈಗೆ ಸಿಕ್ಕಿದ ಆಸ್ಪಿರಿನ್ ಮುಂತಾದ ಮದ್ದುಗಳನ್ನು ತಿಂದು ಮಕ್ಕಳು ಸಾಯುತ್ತಿದ್ದುದರಿಂದ ಅಮೆರಿಕವು 1970ರಲ್ಲಿ ಕಾನೂನೊಂದನ್ನು ತಂದಿತು. ಒತ್ತಿ ತಿರುಗಿಸುವ ಮುಚ್ಚಳಗಳು ಅಲ್ಲಿ ವ್ಯಾಪಕವಾಗಿ ಬಳಕೆಗೆ ಬಂದದ್ದು ಅದರಿಂದ. ಅದರ ಪರೀಕ್ಷೆಯಲ್ಲಿ ಸಣ್ಣ ಮಕ್ಕಳು ತೆರೆಯಲಾರದೆ ಸೋಲಬೇಕು, ದೊಡ್ಡವರು ತೆರೆಯಬೇಕು. ಆ ದೊಡ್ಡವರು ಬಹುಕಾಲ 18ರಿಂದ 45 ವಯಸ್ಸಿನವರೇ ಆಗಿದ್ದರು. ತೆರೆಯಲಾಗದ ಮುದುಕರು ಮುಚ್ಚಳವನ್ನು ಹಾಕದೆಯೇ ಇಟ್ಟು, ಮೊಮ್ಮಕ್ಕಳಿಗೆ ಅಪಾಯ ಮೊದಲಿನಂತೆಯೇ ಉಳಿದಾಗ, 1995ರಲ್ಲಿ ನಿಯಮ ತಿದ್ದಿ 50ರಿಂದ 70ರವರನ್ನು ಪರೀಕ್ಷೆಗೆ ಕೂರಿಸಿದರು. ಎಪ್ಪತ್ತು ದಾಟಿದ ನಾವು ಅಲ್ಲಿಯೂ ಲೆಕ್ಕಕ್ಕಿಲ್ಲ.

ಹಿಂಸೆ ತಪ್ಪಿಸಲು ಜನರು ಮಾಡಿಕೊಳ್ಳುವ ಉಪಾಯಗಳಲ್ಲಿ ಕೆಲವು ಅಪಾಯಕಾರಿ. ಸ್ಟ್ರಿಪ್ಪನ್ನು ಒಂದೊಂದು ಮಾತ್ರೆಯ ಚೌಕಗಳಾಗಿ ಕತ್ತರಿಸಿಟ್ಟುಕೊಂಡರೆ, ಕಣ್ಣು ಮಂದವಾದವರು ಹಾಳೆಯ ಸಮೇತ ನುಂಗುವುದುಂಟು. ಅದರ ಚೂಪು ಮೂಲೆಗಳು ಅನ್ನನಾಳವನ್ನು ಗೀರುತ್ತವೆ. ಜಪಾನಿನಲ್ಲಿ ಇಂತಹ ಅವಘಡಗಳ ಕಾರಣದಿಂದಲೇ, ಮಾತ್ರೆಗಳನ್ನು ಒಂದೊಂದಾಗಿ ಬೇರ್ಪಡಿಸಲಾಗದಂತೆ, ಹಾಳೆಯ ಮೇಲಿನ ಮುರಿಗೆರೆಗಳನ್ನು 1996ರಲ್ಲಿ ಕಡಿಮೆ ಮಾಡಿದರು. ಎಲ್ಲವನ್ನೂ ಮೊದಲೇ ಬಿಡಿಸಿ ವಾರದ ಡಬ್ಬಿಯಲ್ಲಿ ತುಂಬಿಡುವುದು ಅನುಕೂಲವೇ, ಆದರೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಡಾಬಿಗಟ್ರಾನ್‌ನಂತಹ ಕೆಲವು ಮದ್ದುಗಳನ್ನು ಮೂಲ ಹೊದಿಕೆಯಿಂದ ತೆಗೆದಿಡಬಾರದು. ನಮ್ಮ ಮಳೆಗಾಲದಲ್ಲಂತೂ ಸಲ್ಲದು. ಅಂಗಡಿಯವರು ಅರ್ಧ ಸ್ಟ್ರಿಪ್ಪು ಕತ್ತರಿಸಿ ಕೊಟ್ಟಾಗ ಅವಧಿ ಮುಗಿಯುವ ತಾರೀಕು ಅವರ ಬಳಿಯ ಅರ್ಧದಲ್ಲಿ ಉಳಿಯುವುದು ಬೇರೆಯೇ ರಗಳೆ.

ಇದೆಲ್ಲದರಲ್ಲಿ ನಾನು ತಮಾಷೆ ಮಾಡಲಾರದ ಒಂದು ಮಾತ್ರೆಯಿದೆ. ಎದೆನೋವು ಬಂದಾಗ ನಾಲಗೆಯಡಿಗೆ ಇಟ್ಟುಕೊಳ್ಳಬೇಕಾದದ್ದು ನಮ್ಮ ಯಜಮಾನರ ಕಿಸೆಯಲ್ಲಿ ಸದಾ ಇರುತ್ತದೆ. ಆ ಹೊತ್ತಿಗೆ ಅವರ ಕೈ ನಡುಗುತ್ತದೆ, ನನ್ನದು ಅವರಿಗಿಂತ ಹೆಚ್ಚು. ಆದ್ದರಿಂದ ಆ ಸ್ಟ್ರಿಪ್ಪಿನ ಚೀಲಕ್ಕೆ ಉಗುರು ಕತ್ತರಿಸುವ ಸಣ್ಣ ಕತ್ತರಿಯೊಂದನ್ನು ದಾರದಲ್ಲಿ ಕಟ್ಟಿದ್ದೇನೆ.

ಸಿರಪ್ಪಿನ ಬಾಟಲಿಯಾದರೆ ಅಂಗಡಿಯಲ್ಲಿಯೇ ಮುಚ್ಚಳದ ಉಂಗುರ ಮುರಿಯುವಷ್ಟು ತಿರುಗಿಸಿ ಕೊಡುವಂತೆ ಹೇಳುತ್ತೇನೆ. ಡಾಕ್ಟರರು ಬಿ.ಪಿ. ಕೇಳುತ್ತಾರೆ, ಸಕ್ಕರೆ ಕೇಳುತ್ತಾರೆ, ಮಾತ್ರೆ ಬಿಡದೆ ತೆಗೆದುಕೊಳ್ಳುತ್ತೀರಾ ಎಂದು ಗದರುತ್ತಾರೆ. ತೆರೆಯಲು ಆಗುತ್ತದೆಯೇ ಎಂದು ಕೇಳಿದವರನ್ನು ನಾನು ಕಂಡಿಲ್ಲವಾದ್ದರಿಂದ, ಕಳೆದ ಬಾರಿ ಮಂಗಳೂರಿಗೆ ಹೋದಾಗ ನಾನೇ ಸ್ಟ್ರಿಪ್ಪನ್ನು ಮೇಜಿನ ಮೇಲಿಟ್ಟು, ಇದೇ ಮದ್ದು ಒತ್ತಿ ತೆಗೆಯುವಂತಹದ್ದರಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿದೆ. ಅವರು ಬೇರೆ ಕಂಪೆನಿಯದನ್ನು ಬರೆದುಕೊಟ್ಟರು. ಬೆಲೆ ಸ್ವಲ್ಪ ಹೆಚ್ಚು, ಆದರೆ ಎಡಗೈಯ ಹೆಬ್ಬೆರಳಿನಿಂದ ಒತ್ತಿದರೂ ಹೊರಬರುತ್ತದೆ.