ಮೇಲುಕೋಟೆಯಲ್ಲಿ ಕಾಡು ಈರುಳ್ಳಿ ಹೂ ನೋಡಲು ಹೊರಡುವವರಿಗೆ

ಮೇಲುಕೋಟೆಗೆ ಹೋಗುವವರಲ್ಲಿ ಹೆಚ್ಚಿನವರು ಚೆಲುವನಾರಾಯಣನ ದರ್ಶನ ಮಾಡಿ, ಯೋಗಾನರಸಿಂಹನ ಬೆಟ್ಟ ಹತ್ತಿ, ಪುಳಿಯೋಗರೆ ಸವಿದು ಹಿಂದಿರುಗುತ್ತಾರೆ. ಶಿವರಾತ್ರಿ ಕಳೆದು ಯುಗಾದಿ ಸಮೀಪಿಸುವ ದಿನಗಳಲ್ಲಿ ಹೋಗುವವರು ಸುತ್ತಲಿನ ಕುರುಚಲು ಕಾಡಿನ ನೆಲದ ಮೇಲೂ ಕಣ್ಣಿಡಬೇಕೆಂಬುದು ನನ್ನ ಬಿನ್ನಹ. ಎಲೆಗಳೆಲ್ಲ ಒಣಗಿ ಉದುರಿದ ಮೇಲೆ ಬರಿಯ ಗಡ್ಡೆಯಾಗಿ ಮಣ್ಣಿನೊಳಗೆ ಉಳಿದಿರುವ ಕಾಡು ಈರುಳ್ಳಿ, ಮಳೆಗೆ ಕಾಯದೆ, ಗಡ್ಡೆಯಲ್ಲಿ ಕೂಡಿಟ್ಟುಕೊಂಡ ಸತ್ವದ ಬಲದಿಂದಲೇ ಆ ಬಿಸಿಲಿನಲ್ಲಿ ಹೂದಂಡನ್ನು ಹೊರಚಾಚುತ್ತದೆ. ಎಲೆಗಳು ಕಾಣಿಸಿಕೊಳ್ಳುವುದು ಮಳೆ ಬಿದ್ದ ಮೇಲೆ.

ಹೀಗಾಗಿ ಹಸಿರನ್ನು ಅರಸಿದರೆ ಈ ಹೂ ಸಿಗುವುದಿಲ್ಲ. ಬಂಡೆಗಳ ನಡುವಿನ ಜಲ್ಲಿಮಣ್ಣು ಮತ್ತು ಒಣಹುಲ್ಲಿನ ಬಯಲುಗಳನ್ನು ನಿಧಾನವಾಗಿ ನೋಡುತ್ತಾ ಹೋಗಬೇಕು. ಎಲೆಯಿಲ್ಲದ ಸಣ್ಣ ಕಡ್ಡಿಯೊಂದು ನೆಟ್ಟಗೆ ನಿಂತಿರುವುದು ಕಂಡರೆ ಮಂಡಿಯೂರಿ ನೋಡಿ: ತುದಿಯಲ್ಲಿ ಒತ್ತೊತ್ತಾಗಿ ಮೊಗ್ಗುಗಳಿರುತ್ತವೆ, ಕೆಳಗೆ ಮೊದಲು ಅರಳಿದ ಹೂಗಳು ತೆಳ್ಳನೆಯ ತೊಟ್ಟುಗಳಲ್ಲಿ ಬಾಗಿರುತ್ತವೆ. ಮಾಸಲು ಬಿಳುಪಿನ ಆರು ಎಸಳುಗಳಿದ್ದು, ಪ್ರತಿ ಎಸಳಿನ ನಡುವೆ ಹಸಿರು ಮಿಶ್ರಿತ ಕಂದು ಗೆರೆಯೊಂದು ಹಾದುಹೋಗಿರುತ್ತದೆ. ಅಬ್ಬರವಿಲ್ಲದ ಈ ಚೆಲುವು ನನಗೆ ಮುತ್ತುಗದ ಕೆಂಪಿಗಿಂತ ಹೆಚ್ಚು ಪ್ರಿಯವಾಯಿತು.

ಹೂಗಳು ಬಿಸಿಲು ಇಳಿದ ಮೇಲೆ ಅರಳುವುದರಿಂದ ಮಧ್ಯಾಹ್ನದ ಭೇಟಿಯಲ್ಲಿ ಮೊಗ್ಗು ಮತ್ತು ಬಾಡಿದ ಹೂಗಳಷ್ಟೇ ಕಾಣುತ್ತವೆ. ಆದರೆ ಇದು ಚಿರತೆಗಳು ಓಡಾಡುವ ಪ್ರದೇಶವಾದ್ದರಿಂದ, ಊರಿಗೆ ಹತ್ತಿರದ ದಾರಿಯಂಚಿನ ಗಿಡವೊಂದನ್ನು ಹಗಲಿನಲ್ಲೇ ಗುರುತಿಸಿಕೊಂಡು, ಸಂಜೆ ಅದರ ಬಳಿ ಜೊತೆಗಾರರೊಂದಿಗೆ ಸ್ವಲ್ಪ ಹೊತ್ತು ಕುಳಿತು, ಕತ್ತಲಾಗುವ ಮುನ್ನ ಹೊರಟುಬಿಡುವುದು ಕ್ಷೇಮ. ಸುತ್ತಲಿನ ಕಾಡಿನ ಬಹುಭಾಗ ತೋಳಗಳ ರಕ್ಷಣೆಗಾಗಿ 1974ರಲ್ಲಿ ಘೋಷಿತವಾದ ವನ್ಯಜೀವಿಧಾಮವಾಗಿದ್ದು, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಹೋಗಬಾರದು. ಬೇಸಿಗೆಯಲ್ಲಿ ಒಂದು ಬೀಡಿಯ ಕಿಡಿಯೂ ಕಾಡಿಗೆ ಕಂಟಕ.

ಗಡ್ಡೆಯನ್ನು ದಯವಿಟ್ಟು ಕೀಳಬೇಡಿ. ಅದರಲ್ಲಿ ಹೃದಯದ ಬಡಿತವನ್ನೇ ಏರುಪೇರು ಮಾಡುವ ವಿಷಾಂಶವಿದೆ. ಹೆಸರು ಈರುಳ್ಳಿಯಾದರೂ ತಿನ್ನುವಂಥದ್ದಲ್ಲ. ಮಕ್ಕಳು ಜೊತೆಗಿದ್ದರೆ ಇದನ್ನು ಮೊದಲೇ ತಿಳಿಸಿ.

ಮೈಸೂರಿನಿಂದ ಪಾಂಡವಪುರ, ಜಕ್ಕನಹಳ್ಳಿ ಮಾರ್ಗವಾಗಿ ಮೇಲುಕೋಟೆಗೆ ಸುಮಾರು 50 ಕಿ.ಮೀ. ದೂರ. ವೈರಮುಡಿ ಉತ್ಸವವೂ ಇದೇ ಕಾಲಕ್ಕೆ ಬರುವುದರಿಂದ ಪಂಚಾಂಗ ನೋಡಿಕೊಂಡು, ಜನಸಂದಣಿಯ ಆ ದಿನಗಳನ್ನು ಬಿಟ್ಟು ಹೊರಡಿ. ಸಂಜೆಯ ಬಸ್ಸನ್ನು ನೆಚ್ಚಿಕೊಂಡವರು ಕೊನೆಯ ಬಸ್ಸಿನ ಸಮಯವನ್ನು ನಿಲ್ದಾಣದಲ್ಲಿ ಇಳಿದ ಕೂಡಲೇ ವಿಚಾರಿಸಿಕೊಳ್ಳಬೇಕು.